ಚಪ್ಪಲಿ ಹಾರದ ಕಥೆ ಕಳಿಸಿದ ಮಾಸ್ತರರಿಗೆ

ರಾಣೆಬೆನ್ನೂರಿನ ಮಾಸ್ತರರಿಗೆ ನಮಸ್ಕಾರ.

ನಮ್ಮ ದೀಪಾವಳಿ ವಿಶೇಷಾಂಕಕ್ಕೆಂದು ಕಳಿಸಿದ ನಿಮ್ಮ ಕಥೆ ತಲುಪಿದೆ. ಭಾಷೆ ಸಲೀಸಾಗಿದೆ, ಎಲ್ಲೂ ತಡೆಯದೆ ಓದಿಸಿಕೊಂಡು ಹೋಗುತ್ತದೆ. ಹುಬ್ಬಳ್ಳಿ ಮಾತಿನ ಧಾಟಿಯೂ ನಿಮಗೆ ಚೆನ್ನಾಗಿ ಸಿಕ್ಕಿದೆ. ಹೊಗಳಿಕೆ ಇಷ್ಟೇ. ಯಾಕೆಂದರೆ ಓದಿ ಮುಗಿಸಿದ ಮೇಲೆ ನನಗೆ ಸಿಟ್ಟು ಬಂತು. ನಿಮ್ಮ ಕಾರ್ಪೊರೇಟರ್ ಮೇಲಲ್ಲ, ನಿಮ್ಮ ಮೇಲೆ.

ಈ ಪತ್ರವನ್ನು ಬೇರೆಯವರೂ ಓದುತ್ತಾರೆ, ಅದಕ್ಕೆ ಕಥೆ ಏನೆಂದು ಎರಡು ಮಾತು ಹೇಳುತ್ತೇನೆ. ಹುಬ್ಬಳ್ಳಿಯ ಒಬ್ಬ ಕಾರ್ಪೊರೇಟರ್ ಲಂಚ ತೆಗೆದುಕೊಳ್ಳುವಾಗ ಸಿಕ್ಕಿಬೀಳುತ್ತಾನೆ. ಜಾಮೀನು ಪಡೆದು ಹೊರಗೆ ಬಂದ ದಿನ ಜನ ಅವನನ್ನು ದುರ್ಗದ ಬೈಲಿಗೆ ಎಳೆದು ತರುತ್ತಾರೆ. ಮುಖಕ್ಕೆ ಮಸಿ, ಕೊರಳಿಗೆ ಚಪ್ಪಲಿ ಹಾರ, ಮೆರವಣಿಗೆ. ಕಥೆಯ ಮುಕ್ಕಾಲು ಭಾಗ ಈ ಮೆರವಣಿಗೆಯೇ. ಅವನು ಮಾಡಿದ ತಪ್ಪಿಗೆ ಸಿಕ್ಕಿರುವುದು ಒಂದೇ ಸಾಲು: “ಮನೆ ಮಂಜೂರು ಮಾಡಿಸುತ್ತೇನೆಂದು ಒಬ್ಬ ವಿಧವೆಯಿಂದ ದುಡ್ಡು ತಿಂದಿದ್ದ.”

ನನ್ನ ತಕರಾರು ಇರುವುದೇ ಇಲ್ಲಿ. ಶಿಕ್ಷೆಯನ್ನು ಚಪ್ಪರಿಸಿ ಬರೆದಿದ್ದೀರಿ. ತಪ್ಪನ್ನು ಮಾತ್ರ ಅವಸರದಲ್ಲಿ ಮುಗಿಸಿದ್ದೀರಿ. ಬನ್ನಿ, ಒಂದೊಂದೇ ಸಾಲು ನೋಡೋಣ.

“ಇಡೀ ಹುಬ್ಬಳ್ಳಿಯೇ ದುರ್ಗದ ಬೈಲಿನಲ್ಲಿ ಸೇರಿತ್ತು.” ಮಾಸ್ತರ್ರೇ, ಸಂಜೆ ಹೊತ್ತು ದುರ್ಗದ ಬೈಲಿನಲ್ಲಿ ಯಾವತ್ತು ಜನ ಇರುವುದಿಲ್ಲ ಹೇಳಿ? ಅರ್ಧ ಜನ ಗಿರ್ಮಿಟ್, ಮಿರ್ಚಿ ತಿನ್ನಲು ಬಂದವರು. ಉಳಿದವರು ಬಟ್ಟೆ, ಬಳೆ ಕೊಳ್ಳಲು ಬಂದವರು. ಗದ್ದಲ ಕೇಳಿ ಪ್ಲೇಟ್ ಕೈಯಲ್ಲೇ ಹಿಡಿದುಕೊಂಡು ಓಡಿಬಂದು, “ಯಾರಂವ? ಏನ್ ಮಾಡ್ಯಾನ?” ಎಂದು ಪಕ್ಕದವನನ್ನು ಕೇಳುವ ಒಬ್ಬನಾದರೂ ನಿಮ್ಮ ಕಥೆಯಲ್ಲಿ ಬೇಡವೇ?

“ಜನರ ಕಣ್ಣಲ್ಲಿ ಬೆಂಕಿ ಉರಿಯುತ್ತಿತ್ತು.” ಯಾರ ಕಣ್ಣಲ್ಲಿ? ಹೋದ ತಿಂಗಳಷ್ಟೇ ಮಗಳ ಕಾಲೇಜು ಸೀಟಿಗಾಗಿ ಇದೇ ಕಾರ್ಪೊರೇಟರ್‌ನಿಂದ ಶಿಫಾರಸು ಪತ್ರ ಬರೆಸಿಕೊಂಡವನೂ ಆ ಗುಂಪಿನಲ್ಲಿ ಇದ್ದೇ ಇರುತ್ತಾನೆ. ಅವನು ಎಲ್ಲಿ ನಿಂತಿದ್ದ? ಮುಂದೆಯೋ, ಹಿಂದೆಯೋ? ನನ್ನ ಅಂದಾಜಿನಲ್ಲಿ ಎಲ್ಲರಿಗಿಂತ ಮುಂದೆ.

“ಮೊದಲ ಚಪ್ಪಲಿ ಬಿದ್ದಾಗ ನ್ಯಾಯ ಉಸಿರಾಡಿತು.” ಈ ಸಾಲು ನಿಮಗೆ ತುಂಬಾ ಇಷ್ಟವಾಗಿರಬೇಕು, ಎರಡು ಸಲ ಬಂದಿದೆ. ಎರಡನ್ನೂ ಹೊಡೆದು ಹಾಕಿ. ಚಪ್ಪಲಿ ಎಸೆದವನು ಯಾರು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಹೇಗೆ ಹೋದ, ಹೆಂಡತಿಗೆ ಏನೆಂದ? ಕಥೆ ಇರುವುದು ಅಲ್ಲಿ.

“ಅವನ ಹೆಂಡತಿ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಅವಳಿಗೂ ಹೀಗೇ ಆಗಬೇಕಿತ್ತು.” ಇದನ್ನು ಹೇಳುವುದು ಗುಂಪಿನ ಒಬ್ಬ ಮನುಷ್ಯನಲ್ಲ, ನಿರೂಪಕ. ಅಂದರೆ ನೀವು. ಕಾರ್ಪೊರೇಟರ್‌ನ ಹೆಂಡತಿ ಏನು ಮಾಡಿದ್ದಳು ಎಂದು ಕಥೆಯಲ್ಲಿ ಎಲ್ಲೂ ಇಲ್ಲ.

ಇನ್ನು ನನ್ನ ನಿದ್ದೆ ಕೆಡಿಸಿದ ಸಾಲು: “ಹುಬ್ಬಳ್ಳಿಯ ಒಬ್ಬ ವಕೀಲನೂ ಅವನ ಪರ ನಿಲ್ಲಲಿಲ್ಲ. ಅದು ನಮ್ಮೂರಿನ ಮರ್ಯಾದೆ.” ಇದು ಇಲ್ಲಿ ನಿಜವಾಗಿಯೂ ಆಗಿಹೋದದ್ದು, ನಿಮಗೆ ನೆನಪಿರಬಹುದು. 2020ರ ಫೆಬ್ರವರಿಯಲ್ಲಿ ದೇಶದ್ರೋಹದ ಆರೋಪದಲ್ಲಿ ಬಂಧಿತರಾದ ಮೂವರು ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದು ಎಂದು ಹುಬ್ಬಳ್ಳಿ ವಕೀಲರ ಸಂಘ ನಿರ್ಣಯ ಮಾಡಿತು. ಬೆಂಗಳೂರಿನಿಂದ ಬಂದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡದ ಕೋರ್ಟಿಗೆ ಹೋಗಬೇಕಾಯಿತು. ಹೈಕೋರ್ಟ್ ತರಾಟೆಗೆ ತೆಗೆದುಕೊಂಡಿತು, ಸಂಘ ನಿರ್ಣಯದಿಂದ ಹಿಂದೆ ಸರಿಯಿತು. ಇಂಥ ನಿರ್ಣಯಗಳಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ತಮಿಳುನಾಡಿನ ಒಂದು ಪ್ರಕರಣದಲ್ಲಿ ಹೇಳಿತ್ತು. ಬಂಧಿತನಾದವನು ತನಗೆ ಬೇಕಾದ ವಕೀಲನನ್ನು ಇಟ್ಟುಕೊಳ್ಳುವುದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕು. ನಿಮ್ಮ ಪಾತ್ರವೊಂದು ಇದನ್ನೇ ಮರ್ಯಾದೆ ಅಂದುಕೊಂಡರೆ ನನ್ನ ಅಭ್ಯಂತರವಿಲ್ಲ. ಕಥೆಯೇ ಹಾಗಂದುಕೊಂಡರೆ ಅಚ್ಚು ಹಾಕಲು ನನಗೆ ಕೈ ಬರುವುದಿಲ್ಲ.

ನಾನು ಕೆಲಸ ಕಲಿತದ್ದು ಇಲ್ಲಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ. ಅಲ್ಲೊಬ್ಬ ಹಿರಿಯ ಉಪಸಂಪಾದಕರಿದ್ದರು. ಲಂಚದ ಸುದ್ದಿ ಯಾರೇ ಬರೆದು ತರಲಿ, ಕನ್ನಡಕದ ಮೇಲಿಂದ ನೋಡಿ ಮೂರೇ ಪ್ರಶ್ನೆ ಕೇಳುತ್ತಿದ್ದರು: “ರೊಕ್ಕ ಯಾರದು? ಎಷ್ಟು? ಯಾವ ಕೆಲಸಕ್ಕ?” ಮೂರಕ್ಕೂ ಉತ್ತರ ಇಲ್ಲದಿದ್ದರೆ ಪ್ರತಿ ವಾಪಸ್. ‘ಭ್ರಷ್ಟ’, ‘ಕುಖ್ಯಾತ’ ಅನ್ನುವ ಪದಗಳ ಮೇಲೆ ಅವರ ಕೆಂಪು ಪೆನ್ನು ತಾನಾಗಿಯೇ ಓಡುತ್ತಿತ್ತು. ನಮಗೆಲ್ಲ ಅವರೆಂದರೆ ಸಿಟ್ಟು. ಚಹಾದ ಅಂಗಡಿಯಲ್ಲಿ ಅವರ ದನಿ ಅಣಕಿಸುತ್ತಿದ್ದೆವು.

ಒಮ್ಮೆ ನನ್ನನ್ನು ಧಾರವಾಡದ ಕೋರ್ಟಿಗೆ ಅಟ್ಟಿದರು. ಆರೋಪಿ ದೊಡ್ಡ ಮನುಷ್ಯ. ಅವನ ಕಾರು ಬಂದ ಕೂಡಲೇ ಫೋಟೋದವರು, ಧಿಕ್ಕಾರ ಕೂಗುವವರು ಎಲ್ಲರೂ ಅತ್ತ ಓಡಿದರು. ದೂರು ಕೊಟ್ಟವನು ಕಲಘಟಗಿ ಕಡೆಯ ರೈತ. ಹೊರಗೆ ಬೆಂಚಿನ ಮೇಲೆ ಬುತ್ತಿ ಗಂಟು ಹಿಡಿದುಕೊಂಡು ಒಬ್ಬನೇ ಕೂತಿದ್ದ. ಅವತ್ತು ವಿಚಾರಣೆ ಮುಂದಕ್ಕೆ ಹೋಯಿತು. “ಮತ್ತ ಯಾವಾಗ ಬರಬೇಕ್ರಿ?” ಎಂದು ನನ್ನನ್ನೇ ಕೇಳಿದ. ಅವನಿಗೆ ತಾರೀಖು ಹೇಳುವವರೂ ಅಲ್ಲಿ ಇರಲಿಲ್ಲ. ಹೀಗಾಗಿ ನಿಮ್ಮ ಕಥೆಯಲ್ಲಿ ಆ ವಿಧವೆ ಒಂದೇ ಸಾಲಿಗೆ ಬಂದು ಮಾಯವಾದದ್ದು ನನಗೆ ಸ್ವಲ್ಪ ಜಾಸ್ತಿಯೇ ಚುಚ್ಚಿತು.

ಅವಳನ್ನು ಕರೆತನ್ನಿ. ದುಡ್ಡು ಎಲ್ಲಿಂದ ತಂದಳು? ಸ್ತ್ರೀಶಕ್ತಿ ಸಂಘದ ಸಾಲವೇ, ಒತ್ತೆ ಇಟ್ಟ ಬೋರಮಾಳವೇ? ಒಂದು ವೇಳೆ ಮೊದಲ ಕಂತನ್ನು ವರ್ಷದ ಹಿಂದೆಯೇ ಕೊಟ್ಟಿದ್ದರೆ? 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ಆಯಿತು. ಬಲವಂತಕ್ಕೆ ಲಂಚ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸದಿದ್ದರೆ ಅವರ ಮೇಲೂ ಕೇಸು ಆಗಬಹುದು. ಬಾಯಿ ಬಿಟ್ಟರೆ ತಾನೂ ಸಿಕ್ಕಿಬೀಳಬಹುದು ಎಂಬ ಹೆದರಿಕೆಯಲ್ಲೇ ದೂರು ಕೊಡಲು ಹೋಗುವ ಹೆಂಗಸು. ಇಂಥವಳನ್ನು ಬಿಟ್ಟು ಮಸಿ ಡಬ್ಬಿಯ ಹಿಂದೆ ಹೋದಿರಲ್ಲ! ದುರ್ಗದ ಬೈಲಿನ ಗದ್ದಲ ಮುಗಿದ ಮೇಲೂ ಅವಳು ಸಾಕ್ಷಿ ಕಟ್ಟೆ ಹತ್ತಬೇಕು, ಪಾಟೀ ಸವಾಲು ಎದುರಿಸಬೇಕು. ಅಷ್ಟರಲ್ಲಿ ಚಪ್ಪಲಿ ಎಸೆದವರಿಗೆ ಅವನ ಹೆಸರೂ ಮರೆತಿರುತ್ತದೆ. ಅವಳಿಗೆ ಮನೆ ಸಿಕ್ಕಿತೇ ಎಂದು ನಿಮ್ಮ ಕಥೆಯಲ್ಲಿ ಯಾರೂ ಕೇಳುವುದಿಲ್ಲ. ನೀವೂ ಕೇಳಿಲ್ಲ.

ಸಣ್ಣಪುಟ್ಟ ತಪ್ಪು ಎರಡಿವೆ, ತಿದ್ದಿಕೊಳ್ಳಿ. ಕಥೆ 2019ರಲ್ಲಿ ನಡೆಯುತ್ತದೆ, ಹಿಡಿಯುವವರು ಲೋಕಾಯುಕ್ತ ಪೊಲೀಸರು. ಆಗ ಈ ಕೆಲಸ ಇದ್ದದ್ದು ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳದ ಕೈಯಲ್ಲಿ. 2016ರಲ್ಲಿ ಹುಟ್ಟಿದ ಎಸಿಬಿಯನ್ನು 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದು ಮಾಡಿದ ಮೇಲೆ ಅಧಿಕಾರ ಮತ್ತೆ ಲೋಕಾಯುಕ್ತಕ್ಕೆ ಬಂತು. ಎರಡನೆಯದು, “ನೋಟಿನ ಕೆಂಪು ಪುಡಿ ಅವನ ಕೈಗೆ ಮೆತ್ತಿತು” ಎಂದಿದ್ದೀರಿ. ಲಂಚ ತಿನ್ನುವವರನ್ನು ಹಿಡಿಯಲು ಪೊಲೀಸರು ನೋಟಿಗೆ ಹಚ್ಚುವ ಫಿನಾಲ್ಫ್ಥಲೀನ್ ಪುಡಿ ಬಿಳಿ. ಪಂಚರ ಎದುರು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಕೈ ಅದ್ದಿಸಿದಾಗ ನೀರು ಗುಲಾಬಿಯಾಗುತ್ತದೆ. ಅಲ್ಲಿಯವರೆಗೆ ಅವನ ಕೈಯಲ್ಲಿ ಏನೂ ಕಾಣುವುದಿಲ್ಲ. ಆ ಕ್ಷಣವನ್ನು ಸುಮ್ನೆ ಬಿಟ್ಟುಕೊಟ್ಟಿದ್ದೀರಿ, ಅಲ್ವಾ?

ಸಿಟ್ಟು ಬಿಡಿ ಎಂದು ನಾನು ಹೇಳುತ್ತಿಲ್ಲ. ನನಗೂ ಅಂಥವರನ್ನು ಕಂಡರೆ ಮೈ ಉರಿಯುತ್ತದೆ. ಕಾಯ್ದೆಯಲ್ಲಿ ಮೂರರಿಂದ ಏಳು ವರ್ಷ ಜೈಲು ಇದೆ, ಅವನು ಹೋಗಲಿ. ಆದರೆ ನಿಮ್ಮ ಕಥೆ ಓದಿದವರಿಗೆ ಅವನು ಯಾಕೆ ಜೈಲಿಗೆ ಹೋಗಬೇಕು ಅನ್ನುವುದೇ ತಿಳಿಯುವುದಿಲ್ಲ. ಹೊಡೆತ ತಿಂದದ್ದು ಮಾತ್ರ ತಿಳಿಯುತ್ತದೆ. ನನಗೇ ಕೊನೆಗೆ ಅವನ ಮೇಲೆ ಕನಿಕರ ಹುಟ್ಟಿತು. ನಿಮಗೆ ಅದು ಬೇಕಾಗಿತ್ತೇ?

ದೀಪಾವಳಿ ವಿಶೇಷಾಂಕಕ್ಕೆ ಆಗುತ್ತದೆಯೇ ಎಂದು ಕೇಳಿದ್ದೀರಿ. ಈ ರೂಪದಲ್ಲಿ ಆಗುವುದಿಲ್ಲ. ಯುಗಾದಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಮೆರವಣಿಗೆ ಒಂದು ಪುಟ ದಾಟದಿರಲಿ. ಮತ್ತೆ ಕಳಿಸುವಾಗ ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸಿ, ಹೋದ ಸಲ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿಯಾಗಿ ಬಂದಿದ್ದವು.