ಯಂತ್ರಕ್ಕೆ ಅಡ್ಡ ನಿಂತವರು ತಿಳಿಗೇಡಿಗಳೇ?

ಪ್ರಶ್ನೆ: ಭತ್ತ ಕೊಯ್ಯುವ ಯಂತ್ರ ಬಂದ ಮೇಲೆ ನಮ್ಮೂರಿನ ಕೂಲಿ ಹೆಣ್ಣುಮಕ್ಕಳಿಗೆ ಸುಗ್ಗಿಯ ಕೆಲಸ ತಪ್ಪಿಹೋಗಿದೆ. ಕೆಲವು ಗದ್ದೆಗಳನ್ನಾದರೂ ತಮಗೆ ಬಿಡಿ ಎಂದು ಅವರು ಕೇಳಿದಾಗ ನಾನು ಅವರ ಪರ ನಿಂತೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗ, "ನೀನೊಬ್ಬ ಲಡ್ಡೈಟ್ ಕಣಪ್ಪ" ಎಂದ. ಈ ಲಡ್ಡೈಟರು ಯಾರು? ನಾನು ಮಾಡಿದ್ದು ತಪ್ಪೆ?
- ಓದುಗರು, ಮದ್ದೂರು ತಾಲ್ಲೂಕು

ಉತ್ತರ: ತಪ್ಪಲ್ಲ. ನಿಮ್ಮ ಮಗ ಬೈಗುಳವೆಂದು ಬಳಸಿದ ಹೆಸರು ನಿಜಕ್ಕೂ ಬೈಗುಳವಾಗಬೇಕಾದದ್ದೂ ಅಲ್ಲ. 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಕಾಲುಚೀಲ ಹೆಣೆಯುವ ಕೆಲಸಗಾರರು, ನೆಡ್ ಲಡ್ ಎಂಬ ಕಲ್ಪಿತ ನಾಯಕನ ಹೆಸರಿನಲ್ಲಿ, ರಾತ್ರಿ ಹೊತ್ತು ಮಾಲೀಕರ ಯಂತ್ರಗಳನ್ನು ಒಡೆಯತೊಡಗಿದರು. ಅವರೇ ಲಡ್ಡೈಟರು. ಆದರೆ ಆ ಹೆಣಿಗೆ ಯಂತ್ರ ಅವರಿಗೆ ಹೊಸದೇನೂ ಆಗಿರಲಿಲ್ಲ. ಅದು ಹುಟ್ಟಿದ್ದು 1589ರಲ್ಲಿ, ಅದನ್ನು ನಡೆಸಿಯೇ ತಲೆಮಾರುಗಳಿಂದ ಅವರ ಹೊಟ್ಟೆ ತುಂಬುತ್ತಿತ್ತು. ಅಗಲವಾದ ಯಂತ್ರದಲ್ಲಿ ಬಟ್ಟೆ ಹೆಣೆಯಿಸಿ, ಅದನ್ನು ಕತ್ತರಿಸಿ ಹೊಲಿದು, ಬೇಗ ಬಿಚ್ಚಿಹೋಗುವ ಅಗ್ಗದ ಕಾಲುಚೀಲವನ್ನು ಮಾರುತ್ತ ಕೂಲಿಯನ್ನು ಇಳಿಸಿದ ಮಾಲೀಕರ ಮೇಲೆ ಅವರಿಗೆ ಸಿಟ್ಟಿತ್ತು. ಸರ್ಕಾರ 1812ರಲ್ಲಿ ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸುವ ಕಾನೂನು ತಂದಿತು. ಅದನ್ನು ವಿರೋಧಿಸಿಯೇ ಕವಿ ಬೈರನ್ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಪ್ರಭುಗಳ ಸಭೆಯಲ್ಲಿ ತಮ್ಮ ಮೊದಲ ಭಾಷಣ ಮಾಡಿದರು. ಆದರೂ ಆ ಕಾನೂನು ಜಾರಿಗೆ ಬಂದೇ ಬಂತು.

ನಿಮ್ಮೂರಿನ ಹೆಣ್ಣುಮಕ್ಕಳು ಒಂದು ಕಲ್ಲನ್ನೂ ಎಸೆದಿಲ್ಲ. ಅವರು ಕೇಳಿದ್ದು ಸುಗ್ಗಿಯ ಕೂಲಿಯಲ್ಲಿ ಒಂದು ಪಾಲನ್ನು ಮಾತ್ರ. ಮಳೆ ಮೋಡ ಕವಿದಿರುವಾಗ ಆಳು ಸಿಗದೆ ಕಂಗೆಟ್ಟ ರೈತನಿಗೆ, ಎಕರೆಯ ಪೈರನ್ನು ಒಂದೆರಡು ಗಂಟೆಯಲ್ಲಿ ಕೊಯ್ದು ಒಕ್ಕಿಕೊಡುವ ಯಂತ್ರ ದೊಡ್ಡ ಆಸರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಂತ್ರ ಹೋದ ಗದ್ದೆಯಲ್ಲಿ ಒಮ್ಮೆ ನಡೆದು ನೋಡಿ. ಕುಡುಗೋಲಿನಲ್ಲಿ ಬುಡಕ್ಕೆ ಕೊಯ್ದು, ಸಿವುಡು ಕಟ್ಟಿ ಬಡಿದಾಗ ಉಳಿಯುವ ನೀಳ ಹುಲ್ಲು ಅಲ್ಲಿರುವುದಿಲ್ಲ. ಮೊಣಕಾಲೆತ್ತರದ ಕೂಳೆಯೂ ನುರಿದ ಹುಲ್ಲೂ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ, ಮೆದೆ ಒಟ್ಟಲು ಏನೂ ಉಳಿಯುವುದಿಲ್ಲ. ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮನೆಗೆ ಇದು ಬರೀ ಕೂಲಿಯವರ ನಷ್ಟವಲ್ಲ.

ಮಗನಿಗೆ ಇನ್ನೊಂದು ಮಾತು ತಿಳಿಸಿ. ನಮ್ಮ 1947ರ ಕೈಗಾರಿಕಾ ವಿವಾದ ಕಾಯ್ದೆ, ಕಾರ್ಮಿಕರನ್ನು ಕೆಲಸದಿಂದ ತೆಗೆಯುವಂತೆ ಮಾಡಬಹುದಾದ ಯಂತ್ರ ಸುಧಾರಣೆಗೆ ಮಾಲೀಕರು 21 ದಿನಗಳ ಮುಂಚೆ ನೋಟಿಸ್ ಕೊಡಬೇಕೆಂದು ಹೇಳಿತ್ತು. ಗದ್ದೆಯ ಕೂಲಿಯವರಿಗೆ ಅಂಥ ನೋಟಿಸ್ ಕೊಡುವವರು ಯಾರೂ ಇಲ್ಲ. ರಸ್ತೆಯಲ್ಲಿ ಯಂತ್ರದ ಸದ್ದು ಕೇಳಿಸಿದಾಗಲೇ ಅವರಿಗೆ ಸುದ್ದಿ.

ಆದ್ದರಿಂದ ಮುಂದಿನ ಸಾಲಿನಲ್ಲಿ ಪೈರು ತೆನೆ ಕಟ್ಟುವ ಹೊತ್ತಿಗೇ ರೈತರನ್ನೂ ಆ ಹೆಣ್ಣುಮಕ್ಕಳನ್ನೂ ಒಟ್ಟಿಗೆ ಕೂರಿಸಿ. ಯಂತ್ರ ಹೂತುಕೊಳ್ಳುವ ಜೌಗು ಗದ್ದೆಗಳು, ಮೇವು ಬೇಕಾದವರ ಗದ್ದೆಗಳು ಯಾವುವೆಂದು ಮೊದಲೇ ಗೊತ್ತುಮಾಡಿ, ಅವುಗಳ ಕೊಯ್ಲನ್ನು ಕೂಲಿ ದರದ ಸಮೇತ ಅವರಿಗೇ ಒಪ್ಪಿಸಿ. ರಜೆಗೆ ಬಂದರೆ ಮಗನನ್ನೂ ಆ ಮಾತುಕತೆಗೆ ಕರೆದುಕೊಂಡು ಹೋಗಿ.