ಮಂಗಳೂರಿನ 22 ಸಾವಿರವೋ, ಬೆಂಗಳೂರಿನ 3.6 ಲಕ್ಷವೋ?

ಮಂಜೇಶ್ವರದಲ್ಲಿರುವ ನೀವು, ಕೈಯಲ್ಲಿರುವ ಎರಡು ಟಿವಿ ಚಾನೆಲ್ ಕೆಲಸದ ಆಫರ್‌ಗಳಲ್ಲಿ ಯಾವುದನ್ನು ಹಿಡಿಯಲಿ ಎಂದು ಕೇಳಿದ್ದೀರಿ. ಮಂಗಳೂರಿನ ಲೋಕಲ್ ಚಾನೆಲ್‌ನವರು ಹೇಳಿದ 22 ಸಾವಿರ ತಿಂಗಳಿಗೆ ಕೈಗೆ ಬರುವ ಹಣ. ಬೆಂಗಳೂರಿನ ಮನರಂಜನೆ ಚಾನೆಲ್‌ನವರ 3.6 ಲಕ್ಷ ವರ್ಷದ ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೇ ಗೊಂದಲಕ್ಕೆ ಕಾರಣ ಇರಬೇಕು.

ಮೊದಲು ಬೆಂಗಳೂರಿನವರಿಂದ ಸಂಬಳದ ಬ್ರೇಕಪ್ ತರಿಸಿಕೊಳ್ಳಿ. ಬೇಸಿಕ್ (ಮೂಲ ಸಂಬಳ) 15 ಸಾವಿರ ಅಂದುಕೊಂಡರೆ ಪಿಎಫ್‌ಗೆ (ಭವಿಷ್ಯ ನಿಧಿಗೆ) ನಿಮ್ಮ ಪಾಲು 1,800, ಕಂಪನಿ ಪಾಲು 1,800, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆ ಸುಮಾರು 720. ತಿಂಗಳ 30 ಸಾವಿರದಲ್ಲಿ ಉಳಿಯುವುದು 25,680. ಶೇಕಡಾ 10 ವೇರಿಯಬಲ್ (ಕೆಲಸ ನೋಡಿ ಕೊಡುವ, ಖಾತ್ರಿಯಿಲ್ಲದ ಭಾಗ) ಇದ್ದರೆ ಇನ್ನೂ 3 ಸಾವಿರ ಕಳೆಯಿರಿ. ಅದು ಪೂರ್ತಿ ಸಿಗುತ್ತದೆಯೇ ಎಂದು ಅಲ್ಲಿನ ಎಡಿಟರ್ ಒಬ್ಬರನ್ನೇ ಕೇಳಿ, ಎಚ್‌ಆರ್ ಮಾತು ಸಾಲದು.

ಆಮೇಲೆ ಆಫರ್ ಲೆಟರ್ ಯಾರ ಹೆಸರಲ್ಲಿದೆ ನೋಡಿ. ಚಾನೆಲ್ ದೊಡ್ಡದಿದ್ದರೂ ಪೇರೋಲ್ ಯಾವುದೋ ಏಜೆನ್ಸಿಯದ್ದಾದರೆ, ಅಂದರೆ ನೇಮಿಸಿ ಸಂಬಳ ಕೊಡುವುದು ಏಜೆನ್ಸಿಯಾದರೆ, ಕಂಪನಿಯ ಗಾತ್ರದಿಂದ ನಿಮಗೇನೂ ಲಾಭವಿಲ್ಲ. ನೇರ ನೇಮಕವಾಗಿದ್ದು, ಸನ್ ಟಿವಿ, ಝೀ ತರಹ ಷೇರುಪೇಟೆಯಲ್ಲಿರುವ ಕಂಪನಿಯಾದರೆ ವಾರ್ಷಿಕ ವರದಿಯಲ್ಲೇ ಕಾಯಂ ನೌಕರರ ಸಂಖ್ಯೆ ಸಿಗುತ್ತದೆ.

ಲೋಕಲ್ ಚಾನೆಲ್‌ನಲ್ಲಿ 20 ಜನರಾದರೂ ಇದ್ದಾರಾ ಕೇಳಿ. ಕಡಿಮೆ ಇದ್ದರೆ ಸಾಮಾನ್ಯವಾಗಿ ಪಿಎಫ್ ಕಡ್ಡಾಯವಲ್ಲ.

ಮಂಜೇಶ್ವರದಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರಬಹುದು, ಊಟ ಮನೆಯದ್ದು. ಬೆಂಗಳೂರಲ್ಲಿ ಪಿಜಿ ಬಾಡಿಗೆ ಬೇರೆ. ಏಜೆನ್ಸಿ ಪೇರೋಲ್ ಆದರೆ ನಾನಾದರೆ ಮಂಗಳೂರೇ ಹಿಡಿಯುತ್ತೇನೆ; ನೇರ ನೇಮಕವಾದರೆ ಬೆಂಗಳೂರು.