ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ಓಲ್ಡ್ ಕೋರ್ಸ್ ಮೈದಾನದಲ್ಲಿ ಹೊರಗಿನವರು ಗಾಲ್ಫ್ ಆಡಬಹುದೇ? ಬೆಂಗಳೂರಿನಿಂದ ಹೋಗುವವರು ಏನೇನು ತಯಾರಿ ಮಾಡಿಕೊಳ್ಳಬೇಕು?

ಧಾರಾಳವಾಗಿ ಆಡಬಹುದು. ಯಾರ ಶಿಫಾರಸೂ ಬೇಡ, ಅಲ್ಲಿನ ಯಾವ ಕ್ಲಬ್ಬಿನ ಸದಸ್ಯತ್ವವೂ ಬೇಡ. ಓಲ್ಡ್ ಕೋರ್ಸ್ ಇರುವುದು ಊರಿನ ಸಾರ್ವಜನಿಕ ಜಾಗದಲ್ಲಿ. ಊರಿನವರು ಇಲ್ಲಿ ಗಾಲ್ಫ್ ಆಡಬಹುದು ಎಂಬ ಹಕ್ಕು 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಹೊರಡಿಸಿದ ಸನ್ನದಿನಲ್ಲೇ ಇದೆ. ಈಗ ಇದನ್ನು ನಡೆಸುತ್ತಿರುವುದು 1974ರಲ್ಲಿ ಕಾಯ್ದೆಯ ಮೂಲಕ ಆದ ಸೇಂಟ್ ಆಂಡ್ರ್ಯೂಸ್ ಲಿಂಕ್ಸ್ ಟ್ರಸ್ಟ್. ಮೊದಲ ಟೀ (ಆಟ ಶುರುಮಾಡುವ ಜಾಗ) ಹಿಂದೆ ಫೋಟೋಗಳಲ್ಲಿ ಕಾಣುವ ಕಲ್ಲಿನ ಕಟ್ಟಡ ಆರ್ ಅಂಡ್ ಎ (ರಾಯಲ್ ಅಂಡ್ ಏನ್ಷಿಯಂಟ್) ಕ್ಲಬ್ಬಿನದು, ಅದು ಖಾಸಗಿ. ಅದನ್ನು ನೋಡಿ ಕೋರ್ಸೂ ಅವರದೇ ಅಂದುಕೊಂಡು ಎಷ್ಟೋ ಜನ ಪ್ರಯತ್ನವನ್ನೇ ಮಾಡುವುದಿಲ್ಲ.

ನೀವು ಬರೆದಿರುವ ಪ್ರಕಾರ ಜೂನ್‌ನಲ್ಲಿ ಹೊರಟಿದ್ದೀರಿ. ನೀವು, ನಿಮ್ಮ ತಮ್ಮ ಇಬ್ಬರೂ ಆಡುವವರು, ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕಿ, ಕಡಿಮೆಯಾದಷ್ಟೂ ಆಟ ಉತ್ತಮ) 18ರ ಆಸುಪಾಸು, ಜೊತೆಗೆ ಆಟ ಗೊತ್ತಿಲ್ಲದ ಅಪ್ಪ, ಅಮ್ಮ. ಎಡಿನ್‌ಬರದಲ್ಲಿ ಉಳಿದುಕೊಂಡು ಒಂದು ದಿನ ಹೋಗಿಬರುವ ಯೋಚನೆ. ಮೊದಲು ಬದಲಿಸಬೇಕಾದದ್ದು ಆ ಕೊನೆಯ ಭಾಗವನ್ನೇ. ಒಂದೇ ದಿನಕ್ಕೆ ಹೋದರೆ ಟೀ ಟೈಮ್, ಅಂದರೆ ಆಟ ಶುರುಮಾಡುವ ಸಮಯ, ಸಿಗುವುದು ಬರೀ ಅದೃಷ್ಟ. ಊರಲ್ಲೇ ನಾಲ್ಕೈದು ರಾತ್ರಿ ಇದ್ದರೆ ಅಷ್ಟೂ ದಿನ ಚೀಟಿ ಹಾಕಬಹುದು.

ಚೀಟಿ ಅಂದದ್ದು ಬ್ಯಾಲಟ್‌ಗೆ, ಅಂದರೆ ಹೆಸರು ಎತ್ತಿ ಆರಿಸುವುದಕ್ಕೆ. ಮುಂಗಡ ಬುಕಿಂಗ್ ಎಂಬುದೂ ಇದೆ, ಆದರೆ ಅದು ತೆರೆಯುವುದು ಹಿಂದಿನ ವರ್ಷ ಆಗಸ್ಟ್ ಕೊನೆಯ ಹೊತ್ತಿಗೆ. ಟೂರ್ ಕಂಪನಿಗಳ ಪ್ಯಾಕೇಜಿನಲ್ಲಿ ಖಚಿತ ಸಮಯ ಸಿಗುತ್ತದೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಉಳಿದವರಿಗೆಲ್ಲ ಬ್ಯಾಲಟ್ಟೇ ದಾರಿ. ಆಡುವ ದಿನಕ್ಕೆ ಎರಡು ದಿನ ಮುಂಚೆ ಮಧ್ಯಾಹ್ನ 2 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು. ಗುರುವಾರ ಆಡಬೇಕಾದರೆ ಮಂಗಳವಾರ, ಸೋಮವಾರಕ್ಕಾದರೆ ಶನಿವಾರ. ಫಲಿತಾಂಶ ಅದೇ ಸಂಜೆ ಬರುತ್ತದೆ. ಒಂದು ಅರ್ಜಿಯಲ್ಲಿ ಕನಿಷ್ಠ ಇಬ್ಬರು, ಗರಿಷ್ಠ ನಾಲ್ವರು; ನೀವಿಬ್ಬರೇ ಇರುವುದರಿಂದ ಅವರು ಇನ್ನಿಬ್ಬರನ್ನು ನಿಮ್ಮ ಜೊತೆಗೆ ಸೇರಿಸಬಹುದು. ಅರ್ಜಿಯಲ್ಲಿ ಪ್ರತಿಯೊಬ್ಬರ ಹೆಸರು, ಹೋಮ್ ಕ್ಲಬ್, ಹ್ಯಾಂಡಿಕ್ಯಾಪ್ ಕೇಳುತ್ತಾರೆ. ಸಿಗದಿದ್ದರೆ ಖರ್ಚೇನೂ ಇಲ್ಲ.

ಬ್ಯಾಲಟ್‌ನಲ್ಲಿ ಸಿಗದಿದ್ದರೆ ಮರುದಿನ ಒಬ್ಬೊಬ್ಬರೇ ಪ್ರಯತ್ನಿಸಬಹುದು. ಹಿಂದೆ ಇದಕ್ಕಾಗಿ ಜನ ಓಲ್ಡ್ ಪೆವಿಲಿಯನ್ ಮುಂದೆ ರಾತ್ರಿಯಿಡೀ ಕ್ಯೂ ನಿಲ್ಲುತ್ತಿದ್ದರು. 2024ರಿಂದ ಅದು ನಿಂತಿದೆ. ಆಡುವ ಹಿಂದಿನ ದಿನ ಬೆಳಿಗ್ಗೆ 9ರಿಂದ ಸಂಜೆ 5ರೊಳಗೆ ಖುದ್ದಾಗಿ ಹೋಗಿ ಹೆಸರು ನೋಂದಾಯಿಸಬೇಕು, ಸಂಜೆ ಡ್ರಾ ಆಗಿ ಮೊಬೈಲಿಗೆ ಮೆಸೇಜ್ ಬರುತ್ತದೆ. ಇಬ್ಬರು, ಮೂವರು ಇರುವ ಗುಂಪುಗಳಲ್ಲಿ ಖಾಲಿ ಉಳಿದ ಜಾಗ ಇವು, ಹಾಗಾಗಿ ನಿಮಗೂ ತಮ್ಮನಿಗೂ ಬೇರೆ ಬೇರೆ ಸಮಯ ಬರಬಹುದು, ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೆಯೂ ಇರಬಹುದು. ಅದಕ್ಕೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಖುದ್ದಾಗಿ ಹೋಗಬೇಕು ಅನ್ನುವುದಕ್ಕೇ ಊರಲ್ಲಿ ಉಳಿಯಿರಿ ಎಂದದ್ದು.

ಭಾನುವಾರ ಕೋರ್ಸ್‌ಗೆ ರಜೆ. ದೊಡ್ಡ ಟೂರ್ನಮೆಂಟ್ ಇದ್ದಾಗ ಮಾತ್ರ ಅಪವಾದ. ಗಾಲ್ಫ್‌ನ ದೊಡ್ಡ ಟೂರ್ನಿಗಳಲ್ಲೊಂದಾದ ಓಪನ್ ಚಾಂಪಿಯನ್‌ಶಿಪ್ 2027ರಲ್ಲಿ ಮತ್ತೆ ಇಲ್ಲೇ ನಡೆಯಲಿದೆ. ಪ್ರವಾಸ ಆ ವರ್ಷಕ್ಕೆ ಮುಂದೆ ಹೋದರೆ ಕೋರ್ಸ್ ಮುಚ್ಚುವ ದಿನಗಳನ್ನು ಮೊದಲು ನೋಡಿಕೊಳ್ಳಿ.

ದುಡ್ಡಿನ ವಿಷಯ: 2025ರ ಬೇಸಿಗೆಯ ಗ್ರೀನ್ ಫೀ, ಅಂದರೆ ಒಂದು ಸುತ್ತು ಆಡುವ ಶುಲ್ಕ, ಒಬ್ಬರಿಗೆ 340 ಪೌಂಡ್ ಇತ್ತು, ವರ್ಷ ವರ್ಷ ಏರುತ್ತದೆ. ಚಳಿಗಾಲದಲ್ಲಿ ಕಡಿಮೆ, ಆದರೆ ಆಗ ಫೇರ್‌ವೇ (ಹುಲ್ಲು ಸವರಿದ ಆಟದ ಹಾದಿ) ಮೇಲೆ ಬಿದ್ದ ಚೆಂಡನ್ನು ಸಣ್ಣ ಮ್ಯಾಟ್ ಮೇಲಿಟ್ಟು ಹೊಡೆಯಬೇಕು. ಅಷ್ಟು ದೂರದಿಂದ ಹೋಗುವವರಿಗೆ ನಾನಂತೂ ಹೇಳುವುದಿಲ್ಲ. ಬ್ಯಾಗ್ ಹೊತ್ತು ದಾರಿ ತೋರುವ ಕ್ಯಾಡಿಯ ಶುಲ್ಕ ಬೇರೆ, ನಗದಾಗಿ ಅವರ ಕೈಗೇ ಕೊಡಬೇಕು, ಮೇಲೆ ಟಿಪ್. ಗಾಲ್ಫ್ ಕಾರ್ಟ್ ವೈದ್ಯಕೀಯ ಕಾರಣ ಇದ್ದರೆ ಮಾತ್ರ, ಆದ್ದರಿಂದ ನಡೆಯುವುದೇ. ನಮ್ಮಲ್ಲಿ ಕ್ಲಬ್ಬಿನ ಲಾಕರಿನಿಂದ ಕಾರ್ಟಿಗೆ ಏರಿಸುವ ದೊಡ್ಡ ಬ್ಯಾಗ್ ಬಿಟ್ಟು ಹೆಗಲಿಗೆ ಹಾಕುವ ಹಗುರ ಬ್ಯಾಗ್ ಒಯ್ಯಿರಿ. ಮಳೆ ಜಾಕೆಟ್, ಪ್ಯಾಂಟ್, ಮಳೆಯಲ್ಲಿ ಜಾರದ ಗ್ಲೌಸ್ ಜೂನ್‌ನಲ್ಲೂ ಬೇಕೇಬೇಕು.

ಹ್ಯಾಂಡಿಕ್ಯಾಪ್ ಪುರಾವೆ ಇಲ್ಲದೆ ಹೋಗಬೇಡಿ. ನಿಮ್ಮ ಕ್ಲಬ್ಬಿನ ಮೂಲಕ ಇಂಡಿಯನ್ ಗಾಲ್ಫ್ ಯೂನಿಯನ್ ವ್ಯವಸ್ಥೆಯಲ್ಲಿರುವ ಹ್ಯಾಂಡಿಕ್ಯಾಪ್ ಇಂಡೆಕ್ಸ್‌ನ ಪ್ರಿಂಟ್ ತೆಗೆದುಕೊಳ್ಳಿ, ಪಾಸ್‌ಪೋರ್ಟಿನಲ್ಲಿರುವ ಹೆಸರೇ ಅದರಲ್ಲೂ ಇರಲಿ. 36ರೊಳಗಿದ್ದರೆ ಸಾಕು, ನಿಮಗೆ ತೊಂದರೆಯಿಲ್ಲ. ಡ್ರೈವಿಂಗ್ ರೇಂಜಿನಲ್ಲಿ ಮಾತ್ರ ಹೊಡೆದು ಹ್ಯಾಂಡಿಕ್ಯಾಪ್ ಮಾಡಿಸದವರು ಮೊದಲ ಟೀವರೆಗೆ ಹೋಗಿ ವಾಪಸ್ ಬರಬೇಕಾಗುತ್ತದೆ. ಬ್ರಿಟನ್ ವಿಸಿಟರ್ ವೀಸಾಕ್ಕೂ ಸಾಕಷ್ಟು ಮುಂಚೆ ಅರ್ಜಿ ಹಾಕಿ.

ಇನ್ನು ಆಟ. ಬೆಂಗಳೂರಿನ ಯಾರ್ಡ್ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನಾವು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದೇವೆ, ಗಾಳಿ ತೆಳು, ಚೆಂಡು ಸುಮಾರು ನಾಲ್ಕೈದು ಶೇಕಡಾ ಹೆಚ್ಚು ಹಾರುತ್ತದೆ. ಅಲ್ಲಿ ಸಮುದ್ರದ ಪಕ್ಕ, ಜೂನ್‌ನಲ್ಲೂ ಹದಿನೈದು ಡಿಗ್ರಿ ಆಸುಪಾಸು. ಇಲ್ಲಿ 150 ಯಾರ್ಡ್ ಹೋಗುವ ಐರನ್ (ಚಪ್ಪಟೆ ಲೋಹದ ತಲೆಯ ಕೋಲು) ಅಲ್ಲಿ 140 ದಾಟಿದರೆ ಹೆಚ್ಚು, ಅದೂ ಗಾಳಿ ಇಲ್ಲದಿದ್ದರೆ. ಆದರೆ ಕೆಳಗೆ ಮರಳು, ಮೇಲೆ ಫೆಸ್ಕ್ಯೂ ಎಂಬ ಸಣ್ಣ ಎಲೆಯ ಹುಲ್ಲು. ನೆಲ ಗಟ್ಟಿ, ಬಿದ್ದ ಚೆಂಡು ನಮ್ಮ ಬರ್ಮುಡಾ ಹುಲ್ಲಿನಲ್ಲಿ ನಿಂತ ಹಾಗೆ ನಿಲ್ಲುವುದಿಲ್ಲ, ಇನ್ನೂ ಮೂವತ್ತು ನಲವತ್ತು ಯಾರ್ಡ್ ಓಡುತ್ತದೆ. ಹಾರುವುದು ಕಮ್ಮಿ, ಉರುಳುವುದು ಜಾಸ್ತಿ. ಇದು ತಲೆಗೆ ಹತ್ತುವ ಹೊತ್ತಿಗೆ ಆರು ಹೋಲ್ (ಕುಳಿ) ಮುಗಿದಿರುತ್ತದೆ, ಅದಕ್ಕೇ ಓಲ್ಡ್‌ಗೆ ಮುಂಚೆ ಪಕ್ಕದ ನ್ಯೂ ಅಥವಾ ಜುಬಿಲಿ ಕೋರ್ಸ್‌ನಲ್ಲಿ ಒಂದು ಸುತ್ತು ಆಡಿ. ನ್ಯೂ ಎಂದರೂ ಅದು 1895ರದು, 19ನೇ ಶತಮಾನದ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ ರೂಪಿಸಿದ್ದು. ಶುಲ್ಕ ಓಲ್ಡ್‌ನ ಅರ್ಧಕ್ಕೂ ಕಮ್ಮಿ, ಮೊದಲೇ ಬುಕ್ ಮಾಡಬಹುದು.

ಹೋಗುವ ಮುನ್ನ ಅಭ್ಯಾಸ ಮಾಡಬೇಕಾದ ಹೊಡೆತ ಒಂದೇ: ಗ್ರೀನ್‌ನಿಂದ (ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು) ಮೂವತ್ತು ಯಾರ್ಡ್ ಹೊರಗಿನಿಂದ ಪಟರ್ (ಚೆಂಡನ್ನು ಉರುಳಿಸುವ ಕೋಲು), ಐವತ್ತರಿಂದ 7 ಐರನ್‌ನಲ್ಲಿ ಉರುಳಿಸುವುದು. ಚೆಂಡನ್ನು ಮೇಲಕ್ಕೆತ್ತುವ ಕೋಲು ಲಾಬ್ ವೆಜ್ ಆ ಗಟ್ಟಿ ನೆಲಕ್ಕೆ ಬಡಿದು ಪುಟಿಯುತ್ತದೆ, ಚೆಂಡಿನ ನೆತ್ತಿಗೆ ತಗಲಿ ಗ್ರೀನ್‌ನ ಆಚೆ ತುದಿಗೆ ಹೋಗುತ್ತದೆ.

ಗ್ರೀನ್‌ಗಳ ಗಾತ್ರ ನೋಡಿ ದಂಗಾಗಬೇಡಿ. 18 ಹೋಲ್‌ಗಳಲ್ಲಿ 14 ಹೋಲ್‌ಗಳು ಎರಡೆರಡಾಗಿ ಏಳು ದೊಡ್ಡ ಗ್ರೀನ್‌ಗಳನ್ನು ಹಂಚಿಕೊಂಡಿವೆ, ಜೋಡಿ ಸಂಖ್ಯೆ ಕೂಡಿಸಿದರೆ 18 ಬರುತ್ತದೆ: 2 ಮತ್ತು 16, 5 ಮತ್ತು 13, ಹೀಗೆ. ಹೋಗುವಾಗ (ಮೊದಲ ಒಂಬತ್ತು ಹೋಲ್) ಬಿಳಿ ಬಾವುಟ, ಬರುವಾಗ ಕೆಂಪು. ಬಾವುಟ ತಪ್ಪಿದರೆ ನೂರಡಿ ಪಟ್ ಕಟ್ಟಿಟ್ಟ ಬುತ್ತಿ.

ದಿಕ್ಕಿನ ಬಗ್ಗೆ ಎಲ್ಲರೂ ಹೇಳುವ ಮಾತು, ಎಡಕ್ಕೆ ಹೊಡೆಯಿರಿ. ನಿಜ. ಹೋಗುವಾಗ ಬಲಕ್ಕೆ ಗಾರ್ಸ್ ಎಂಬ ಮುಳ್ಳುಪೊದೆ, ಬರುವಾಗ 14, 16, 17, 18ರಲ್ಲಿ ಬಲಗಡೆ ಔಟ್ ಆಫ್ ಬೌಂಡ್ಸ್, ಅಂದರೆ ಚೆಂಡು ಹೋದರೆ ದಂಡ ಬೀಳುವ ಗಡಿಯಾಚೆ. ಎಡಕ್ಕೆ ಹೋದರೆ ಎದುರಿನಿಂದ ಬರುವವರ ಫೇರ್‌ವೇ, ಚೆಂಡು ಕಳೆಯುವುದಿಲ್ಲ. ಆದರೆ ಎಡಗಡೆಯಿಂದ ಗ್ರೀನ್ ಕಡೆ ನೋಡಿದರೆ ಮುಂದೆ ಬಂಕರ್ (ಮರಳು ಗುಂಡಿ) ಅಡ್ಡ ನಿಂತಿರುತ್ತದೆ. ಆಗ ಬಾವುಟ ಮರೆತು ಗ್ರೀನ್‌ನ ಅಗಲ ಜಾಗಕ್ಕೆ ಹೊಡೆಯುವವರು ಬಚಾವಾಗುತ್ತಾರೆ.

ಒಟ್ಟು 112 ಬಂಕರ್‌ಗಳಿವೆ. 12ನೇ ಹೋಲ್‌ನ ಟೀಯಲ್ಲಿ ನಿಂತರೆ ಫೇರ್‌ವೇ ಬಯಲು ಬಯಲಾಗಿ ಕಾಣುತ್ತದೆ, ನಡುವೆ ಇರುವ ಬಂಕರ್‌ಗಳು ಒಂದೂ ಕಾಣುವುದಿಲ್ಲ. ಹಿಂದೆ ಈ ಕೋರ್ಸ್ ಅನ್ನು ಉಲ್ಟಾ ಸುತ್ತಿನಲ್ಲಿ ಆಡುತ್ತಿದ್ದರು, ಅವು ಆ ಕಡೆಯಿಂದ ಬರುವವರಿಗೆ ಮುಖ ಮಾಡಿವೆ. ಕ್ಯಾಡಿಗೆ ಕೊಟ್ಟ ದುಡ್ಡು ಇಲ್ಲೇ ವಸೂಲಾಗುತ್ತದೆ: ದೂರದ ಯಾವುದೋ ಗೋಪುರ ತೋರಿಸಿ ಅದರ ಮೇಲೆ ಹೊಡಿ ಎಂದರೆ ಪ್ರಶ್ನೆ ಕೇಳದೆ ಹೊಡೆಯಿರಿ. ಬಂಕರಿನ ಮುಂಗೋಡೆ ಇಟ್ಟಿಗೆ ಪೇರಿಸಿದ ಹಾಗೆ ಹುಲ್ಲಿನ ಹೆಂಟೆಗಳನ್ನು ಒಂದರ ಮೇಲೊಂದಿಟ್ಟು ಕಟ್ಟಿದ್ದು, ನೆಟ್ಟಗೆ ನಿಂತಿರುತ್ತದೆ. ಚೆಂಡು ಗೋಡೆಗೆ ಹತ್ತಿರವಿದ್ದರೆ ಪಕ್ಕಕ್ಕೋ ಹಿಂದಕ್ಕೋ ತೆಗೆಯಿರಿ. 14ನೇ ಹೋಲ್‌ನ ಹೆಲ್ ಬಂಕರ್ ಹತ್ತಡಿ ಆಳ. 1995ರ ಓಪನ್‌ನಲ್ಲಿ ಅಮೆರಿಕದ ದಿಗ್ಗಜ ಜಾಕ್ ನಿಕ್ಲಾಸ್‌ಗೇ ಅದರಿಂದ ಹೊರಬರಲು ನಾಲ್ಕು ಹೊಡೆತ ಬೇಕಾಯಿತು, ಆ ಹೋಲ್‌ಗೆ 10 ಆಯಿತು. ನೀವು ಎರಡನೇ ಹೊಡೆತವನ್ನು ಎಡಕ್ಕೆ, 5ನೇ ಹೋಲ್‌ನ ಫೇರ್‌ವೇ ಮೇಲೆ ಹಾಕಿ ಸುತ್ತಿಕೊಂಡು ಹೋಗಿ.

ಮೊದಲ ಹೋಲ್‌ಗೆ ಡ್ರೈವರ್ (ಅತಿ ದೂರ ಹೊಡೆಯುವ ಕೋಲು) ಬೇಡ. 1 ಮತ್ತು 18 ಸೇರಿ ಫೇರ್‌ವೇ 129 ಯಾರ್ಡ್ ಅಗಲ, ಬಂಕರ್ ಒಂದೂ ಇಲ್ಲ. ಕೈ ನಡುಗಿಸುವುದು ಹಿಂದೆ ನಿಂತು ನೋಡುವ ಜನ ಅಷ್ಟೇ. ಹೈಬ್ರಿಡ್ ಕೋಲಿನಲ್ಲಿ 190 ಯಾರ್ಡ್ ಹೊಡೆದು, ಗ್ರೀನ್‌ಗೆ ಅಂಟಿಕೊಂಡಿರುವ ಸ್ವಿಲ್ಕನ್ ಹಳ್ಳ ದಾಟಲು ಒಂದು ಕ್ಲಬ್ (ಕೋಲು) ದೊಡ್ಡದೇ ತೆಗೆದುಕೊಳ್ಳಿ. ಬಾವುಟದ ಹಿಂದೆ ಅಪಾಯವಿಲ್ಲ, ಮುಂದೆ ನೀರು.

17, ಅಂದರೆ ರೋಡ್ ಹೋಲ್, ಕಾರ್ಡ್‌ನಲ್ಲಿ ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು. ನಿಮ್ಮ ಹ್ಯಾಂಡಿಕ್ಯಾಪ್‌ಗೆ ಅದು ಪಾರ್ 5 ಎಂದೇ ಆಡಿ. ಟೀ ಶಾಟ್ ಹೋಟೆಲ್ ಪಕ್ಕದ ಶೆಡ್ ಮೇಲಿಂದ, ಅದರ ಮೇಲೆ ಬರೆದ ಅಕ್ಷರಗಳೇ ಗುರಿ. ಧೈರ್ಯ ಸಾಲದಿದ್ದರೆ ಎಡಕ್ಕೆ. ಎರಡನೆಯದನ್ನು ಗ್ರೀನ್‌ನ ಮುಂಭಾಗದ ಬಲಕ್ಕೆ, ತುಸು ಮೊದಲೇ ನಿಲ್ಲಿಸಿ. ಗ್ರೀನ್ ಓರೆಯಾಗಿದೆ, ಅಗಲ ಕಮ್ಮಿ. ಎಡದಲ್ಲಿ ರೋಡ್ ಬಂಕರ್, ಹಿಂದೆ ಡಾಂಬರು ರಸ್ತೆ, ಅದರಾಚೆ ಕಲ್ಲಿನ ಗೋಡೆ. ರಸ್ತೆ ಮೇಲೆ ನಿಂತರೂ ಅಲ್ಲಿಂದಲೇ ಹೊಡೆಯಬೇಕು. 1978ರ ಓಪನ್‌ನಲ್ಲಿ ಜಪಾನಿನ ನಕಾಜಿಮಾ ಎರಡೇ ಹೊಡೆತದಲ್ಲಿ ಗ್ರೀನ್ ಸೇರಿದ್ದರು, ಪಟ್ ಮಾಡಿದ ಚೆಂಡು ಇಳಿಜಾರಲ್ಲಿ ಉರುಳಿ ಬಂಕರಿಗೆ ಬಿತ್ತು, ಕೊನೆಗೆ 9. 2022ರಲ್ಲಿ ಆಸ್ಟ್ರೇಲಿಯಾದ ಕ್ಯಾಮರನ್ ಸ್ಮಿತ್‌ಗೂ ಬಾವುಟಕ್ಕೂ ನಡುವೆ ಅದೇ ಬಂಕರ್ ಇತ್ತು. ಅವರು ಹಾರಿಸಲು ಹೋಗದೆ ಪಟರ್‌ನಲ್ಲಿ ಬಂಕರಿನ ಪಕ್ಕದಿಂದ ಸುತ್ತಿಸಿ ಗ್ರೀನ್‌ಗೆ ಹತ್ತಿಸಿ ಪಾರ್ ಉಳಿಸಿಕೊಂಡರು, ಓಪನ್ ಗೆದ್ದರು. 18ರಲ್ಲಿ ಗ್ರೀನ್ ಮುಂದಿನ ತಗ್ಗು, ವ್ಯಾಲಿ ಆಫ್ ಸಿನ್, ಅಲ್ಲೂ ಇದೇ ಪಾಠ: 1995ರಲ್ಲಿ ಇಟಲಿಯ ಕೊಸ್ಟಾಂಟಿನೊ ರೊಕ್ಕಾ ಚಿಪ್ (ಚೆಂಡನ್ನು ಚಿಕ್ಕದಾಗಿ ಎತ್ತಿ ಹೊಡೆಯುವುದು) ಮಾಡಲು ಹೋಗಿ ಕೆಡಿಸಿಕೊಂಡರು, ಆಮೇಲೆ ಆ ತಗ್ಗಿನಿಂದಲೇ ಪಟರ್‌ನಲ್ಲಿ ನೇರ ಕುಳಿಗೆ ಹಾಕಿದರು. ಸ್ವಿಲ್ಕನ್ ಹಳ್ಳದ ಸೇತುವೆ ಮೇಲೆ ಫೋಟೋ ತೆಗೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಹಿಂದಿನ ಗುಂಪು ಕಾಯುವಷ್ಟು ಮಾಡಬೇಡಿ, ನಾಲ್ಕು ಗಂಟೆಯೊಳಗೆ ಸುತ್ತು ಮುಗಿಯಬೇಕೆಂದು ಮಾರ್ಷಲ್‌ಗಳು ಹಿಂದೆ ಬೀಳುತ್ತಾರೆ.

ಅಪ್ಪ, ಅಮ್ಮನ ವಿಷಯ. ಊರಲ್ಲಿ ರೈಲು ನಿಲ್ದಾಣವಿಲ್ಲ, 1969ರಲ್ಲೇ ಮುಚ್ಚಿತು. ಎಡಿನ್‌ಬರದಿಂದ ಲೂಕರ್ಸ್‌ಗೆ ಸುಮಾರು ಒಂದು ಗಂಟೆಯ ರೈಲು, ಅಲ್ಲಿಂದ 99ನೇ ನಂಬರಿನ ಬಸ್ಸು. ಭಾನುವಾರ ಕೋರ್ಸ್ ಊರವರ ಪಾರ್ಕ್ ಆಗುತ್ತದೆ, ನಾಯಿ ಕರೆದುಕೊಂಡು ಬರುವವರೂ ಇರುತ್ತಾರೆ. ನಾಲ್ವರೂ ಒಂದು ಸುತ್ತು ನಡೆಯಿರಿ, ಬಂಕರ್‌ಗಳಿಗೆ ಇಳಿಯದಿದ್ದರಾಯಿತು. ನೀವು ಆಡುವ ದಿನ ಅವರು 18ನೇ ಹೋಲ್ ಪಕ್ಕದ ರಸ್ತೆಯಲ್ಲಿ ನಿಂತು ನೋಡಬಹುದು, ಬೇಸರವಾದರೆ ವೆಸ್ಟ್ ಸ್ಯಾಂಡ್ಸ್ ಕಡಲತೀರ ಪಕ್ಕದಲ್ಲೇ ಇದೆ. ಇನ್ನೊಂದು, ಹಿಮಾಲಯಾಸ್ ಎಂದು ಕರೆಯುವ ಏರಿಳಿತದ ಪಟಿಂಗ್ ಗ್ರೀನ್. ಅಲ್ಲಿನ ಮಹಿಳೆಯರ ಪಟಿಂಗ್ ಕ್ಲಬ್ಬಿನದು, 1867ರಷ್ಟು ಹಳೆಯದು. ಹೊರಗಿನವರಿಗೂ ಕೆಲವೇ ಪೌಂಡಿಗೆ ಪಟರ್, ಚೆಂಡು ಕೊಟ್ಟು ಆಡಲು ಬಿಡುತ್ತಾರೆ, ಹ್ಯಾಂಡಿಕ್ಯಾಪ್ ಕೇಳುವುದಿಲ್ಲ. ಕೆಲವು ಹೊತ್ತು ಸದಸ್ಯರಿಗೆ ಮೀಸಲು, ಬಾಗಿಲ ಬಳಿಯ ಬೋರ್ಡ್ ನೋಡಿಕೊಂಡು ಹೋಗಲಿ.